ಉಲ್ಲೇಖದ ಲೆಕ್ಕ

ಕನ್ನಂಬಾಡಿ ಕಟ್ಟೆಯ ಆಸರೆಯಲ್ಲಿ ಬಾಳುವ ನಮಗೆ ಮಳೆಗಾಲ ಬಂದಿತೆಂದರೆ ಒಂದೇ ಅಂಕಿಯ ಧ್ಯಾನ. ಬೆಳಗ್ಗೆ ಪತ್ರಿಕೆ ಕೈಗೆ ಬಂದೊಡನೆ ನೀರಿನ ಮಟ್ಟವೆಷ್ಟೆಂದು ನೋಡುವುದು, 124.80 ಅಡಿ ಮುಟ್ಟಿತೆಂದರೆ ಕಟ್ಟೆಯೂ ತುಂಬಿತು, ಮನಸ್ಸೂ ತುಂಬಿತು. ಆದರೆ ನಾಲೆಯ ಕೊನೆಯಲ್ಲಿ ಗದ್ದೆಯುಳ್ಳವನನ್ನು ಕೇಳಿ ನೋಡಿ. ಆ ಅಂಕಿಯನ್ನು ಅವನು ಅಲ್ಲಗಳೆಯುವುದಿಲ್ಲ. ತನ್ನ ತೂಬಿಗೆ ನೀರು ಬಂದಿತೇ ಇಲ್ಲವೇ ಎಂಬುದನ್ನು ಮಾತ್ರ ಅದು ಹೇಳದು ಎನ್ನುತ್ತಾನೆ.

ವಿದ್ವಾಂಸರ ಲೋಕದಲ್ಲಿಯೂ ಇಂತಹದೊಂದು ಅಂಕಿ ಈಗ ಬಹಳ ದೊಡ್ಡದಾಗಿದೆ. ಒಬ್ಬರು ಪ್ರಕಟಿಸಿದ ಲೇಖನವನ್ನು ಮುಂದಿನವರು ತಮ್ಮ ಲೇಖನಗಳಲ್ಲಿ ಎಷ್ಟು ಸಾರಿ ಹೆಸರಿಸಿದರು ಎಂಬ ಎಣಿಕೆಯೇ ಅದು. ಅಮೆರಿಕದ ಯೂಜೀನ್ ಗಾರ್ಫೀಲ್ಡ್ ಎಂಬುವರು 1964ರಲ್ಲಿ ವಿಜ್ಞಾನಲೇಖನಗಳ ಉಲ್ಲೇಖಸೂಚಿಯನ್ನು ಪ್ರಕಟಿಸತೊಡಗಿದಾಗ, ಒಂದು ವಿಚಾರದ ಹಿಂದುಮುಂದನ್ನು ಹುಡುಕುವವರಿಗೆ ಅದು ದಾರಿಯ ದೀಪವಾಗಿದ್ದಿತು. 2005ರಲ್ಲಿ ಹಿರ್ಷ್ ಎಂಬ ಭೌತವಿಜ್ಞಾನಿ ಆ ಎಣಿಕೆಯಿಂದ ಮನುಷ್ಯರಿಗೇ ಒಂದು ಅಂಕವನ್ನು ಕಟ್ಟುವ ಬಗೆಯನ್ನು ಸೂಚಿಸಿದರು. ಒಬ್ಬನ ಲೇಖನಗಳಲ್ಲಿ ಹತ್ತು ಮಾತ್ರ ತಲಾ ಹತ್ತು ಸಾರಿಗೆ ಕಡಮೆಯಿಲ್ಲದಂತೆ ಉಲ್ಲೇಖಗೊಂಡು, ಹನ್ನೊಂದಕ್ಕೆ ಹನ್ನೊಂದು ಕೂಡಿಬಾರದಿದ್ದರೆ, ಅವನ ಅಂಕ ಹತ್ತು. ದೀಪ ತಕ್ಕಡಿಯಾದುದು ಹೀಗೆ.

ಇದನ್ನೆಲ್ಲ ನನಗೆ ತಿಳಿಸಿದವಳು ನನ್ನ ತಮ್ಮನ ಮಗಳು. ಪಾಂಡವಪುರದಲ್ಲಿ ಕನ್ನಡದಲ್ಲಿಯೇ ಅಕ್ಷರ ಕಲಿತು, ಈಗ ಗ್ರಹವಿಜ್ಞಾನದಲ್ಲಿ ಸಂಶೋಧನೆ ಮಾಡುತ್ತಿರುವಳು. ಕಳೆದ ವರ್ಷ ಒಂದು ವಿದ್ಯಾಸಂಸ್ಥೆಯವರು ಅವಳನ್ನು ಉದ್ಯೋಗಕ್ಕಾಗಿ ಕರೆದು, ನೀನು ಕಂಡುಕೊಂಡದ್ದೇನು ಎಂದು ಕೇಳುವ ಮೊದಲು ನಿನ್ನ ಅಂಕವೆಷ್ಟು ಎಂದು ಕೇಳಿದರಂತೆ. ಕೆಲಸ ಆಗಲಿಲ್ಲ. ನಾನು ಆ ತಕ್ಕಡಿಯನ್ನು ಚೆನ್ನಾಗಿ ಬೈದೆನು. ಅವಳು ತಡೆದು, “ದೊಡ್ಡಪ್ಪ, ಅಂಕಿಯನ್ನು ಅಷ್ಟು ಬೈಯಬೇಡಿ. ಅದೂ ಇಲ್ಲದಿದ್ದರೆ ಯಾರ ಶಿಷ್ಯೆ, ಯಾರ ಮಗಳು ಎಂದು ಕೇಳುತ್ತಿದ್ದರು. ನಾಲೆಯ ಬಯಲಿನಿಂದ ಹೋದವಳ ಪರವಾಗಿ ಮಾತನಾಡುವವರು ಅಲ್ಲಿ ಯಾರಿದ್ದರು?” ಎಂದಳು. ಈ ಮಾತಿನ ತೂಕ ದೊಡ್ಡದು. ಶಿಫಾರಸಿನ ಪತ್ರಗಳ ಕಾಲವನ್ನು ಕಂಡಿರುವ ನಾನು ಅದನ್ನು ತಳ್ಳಿಹಾಕಲಾರೆ. ಆದರೂ ಅನಂತರ ಅವಳೇ ಹೇಳಿದ ಯುರೇನಸ್ ಗ್ರಹದ ಕಥೆ ನನ್ನನ್ನು ಇನ್ನೂ ಬಿಟ್ಟಿಲ್ಲ.

ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತವಿಜ್ಞಾನ ಸಂಸ್ಥೆಗೆ ತಮಿಳುನಾಡಿನ ಜವಾದಿ ಬೆಟ್ಟಗಳ ಕಾವಲೂರಿನಲ್ಲಿ ಒಂದು ವೀಕ್ಷಣಾಲಯವಿದೆ. ವೇಣು ಬಪ್ಪು ಅವರು ಕಟ್ಟಿ ಬೆಳಸಿದುದು. 1977ರ ಮಾರ್ಚ್ 10ರಂದು ಯುರೇನಸ್ ಗ್ರಹವು ಮಂಕಾದ ಒಂದು ನಕ್ಷತ್ರದ ಮುಂದೆ ಹಾಯುವುದಿದ್ದಿತು. ಕತ್ತಲೆಯಲ್ಲಿ ಕೆರೆಯ ಏರಿಯ ಮೇಲೆ ಲಾಂದ್ರ ಹಿಡಿದು ನಡೆಯುವವನ ಬೆಳಕು ತೆಂಗಿನ ಮರಗಳ ಹಿಂದೆ ಕ್ಷಣ ಕ್ಷಣ ಮರೆಯಾಗುವುದಷ್ಟೆ? ಮರ ಕಾಣದಿದ್ದರೂ ಅಲ್ಲಿ ಮರವಿದೆಯೆಂದು ಬಲ್ಲೆವು. ಕಾಣದ ವಸ್ತುವನ್ನು ಅದು ಮರೆಮಾಡಿದ ಬೆಳಕಿನಿಂದ ಅರಿಯುವುದೇ ಈ ವೀಕ್ಷಣೆಯ ಮರ್ಮ. ಕಾವಲೂರಿನಲ್ಲಿ ಜೆ. ಸಿ. ಭಟ್ಟಾಚಾರ್ಯ, ಕೆ. ಕುಪ್ಪುಸ್ವಾಮಿ ಇಬ್ಬರೂ ಒಂದು ಮೀಟರಿನ ದೂರದರ್ಶಕದಿಂದ ನೋಡುತ್ತಿರಲು, ಗ್ರಹವು ಇನ್ನೂ ದೂರವಿರುವಾಗಲೇ ನಕ್ಷತ್ರದ ಬೆಳಕು ಕೆಲವು ಸೆಕೆಂಡುಗಳ ಕಾಲ ಕುಗ್ಗಿ ಮತ್ತೆ ಮೊದಲಿನಂತಾಯಿತು. ಅಲ್ಲಿ ಏನೋ ಒಂದು ಅಡ್ಡಬಂದಿದ್ದಿತು.

ಅದೇ ಹೊತ್ತಿನಲ್ಲಿ ಜೇಮ್ಸ್ ಎಲಿಯಟ್ ಮತ್ತು ಸಂಗಡಿಗರು ಹಿಂದೂ ಮಹಾಸಾಗರದ ಮೇಲೆ, ದೂರದರ್ಶಕವನ್ನು ಹೊತ್ತ ವಿಮಾನದಲ್ಲಿ ಹಾರುತ್ತಿದ್ದರು. ಗ್ರಹದ ಒಂದು ಪಕ್ಕದಲ್ಲಿ ಬೆಳಕು ಕುಗ್ಗಿದ ದೂರಗಳಲ್ಲಿಯೇ ಇನ್ನೊಂದು ಪಕ್ಕದಲ್ಲಿಯೂ ಕುಗ್ಗಿದುದನ್ನು ಅವರು ಕಂಡರು. ಎರಡು ಕಡೆಯೂ ಒಂದೇ ಲೆಕ್ಕವಾದರೆ ಅದು ಬಳೆಯಲ್ಲದೆ ಮತ್ತೇನು?

ಆ ವರ್ಷದ ಮೇ ತಿಂಗಳ ‘ನೇಚರ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಈ ಲೇಖನಗಳು ಅಚ್ಚಾದವು. 328ನೆಯ ಪುಟದಲ್ಲಿ ಎಲಿಯಟ್ಟರದು. ಅದರ ಹೆಸರು ‘ಯುರೇನಸ್ಸಿನ ಬಳೆಗಳು’. ನಡುವೆ ಆಸ್ಟ್ರೇಲಿಯದ ಪರ್ತಿನಿಂದ ನೋಡಿದವರದು. 331ನೆಯ ಪುಟದಲ್ಲಿ ಕಾವಲೂರಿನವರದು; ಅದರ ಹೆಸರು ‘ಯುರೇನಸ್ಸಿನ ಒಂದು ಹೊಸ ಉಪಗ್ರಹ’. ಅದೇ ವರ್ಷ ಭಟ್ಟಾಚಾರ್ಯರು ಬಪ್ಪು ಅವರೊಡಗೂಡಿ, ಶನಿಗಿರುವಂತಹ ಬಳೆಗಳೇ ಯುರೇನಸ್ಸಿಗೂ ಇವೆಯೆಂದು ಅದೇ ಪತ್ರಿಕೆಯಲ್ಲಿ ಬರೆದರು. ಆದರೆ ಲೋಕದ ನಾಲಗೆ ಆ ಹೊತ್ತಿಗೆ ಹೊರಳಿಯಾಗಿದ್ದಿತು. ಬಳೆಗಳ ಮಾತೆತ್ತುವವರು ಇಂದಿಗೂ ಮೊದಲು ನೆನೆಯುವುದು 328ನೆಯ ಪುಟವನ್ನೇ. ಬಳೆಗಳ ಹೆಸರನ್ನೇ ನೋಡಿ: ಎಲಿಯಟ್ಟರ ಗುಂಪು ಕೊಟ್ಟ ಗ್ರೀಕ್ ಅಕ್ಷರಗಳೂ ಪರ್ತಿನವರ 4, 5, 6 ಎಂಬ ಅಂಕಿಗಳೂ ಉಳಿದುಕೊಂಡಿವೆ.

ಎಲಿಯಟ್ಟರಿಗೆ ಸಂದ ಮನ್ನಣೆ ಅನ್ಯಾಯದ್ದೆಂದು ನಾನು ಹೇಳೆನು. ಎರಡು ಪಕ್ಕವನ್ನೂ ಕಂಡವರು ಬಳೆಯೆಂದರು, ಸರಿಯೇ. ನನ್ನ ಮನಸ್ಸು ನಿಲ್ಲುವುದು ಕಾವಲೂರಿನವರ ಸಂಯಮದಲ್ಲಿ. ಕೈಯಲ್ಲಿದ್ದ ಆಧಾರ ಎಷ್ಟನ್ನು ಹೊರುವುದೋ ಅಷ್ಟನ್ನೇ ಅದರ ಮೇಲೆ ಹೊರಿಸಿದರು. ಅವರು ಬರೆದಿಟ್ಟ ಬೆಳಕಿನ ಕುಗ್ಗು ನಿಜವಾದುದು, ಅದನ್ನು ಮಾಡಿದ ಬಳೆಯೂ ನಿಜವಾದುದು. 1986ರ ಜನವರಿಯಲ್ಲಿ ವಾಯೇಜರ್ 2 ನೌಕೆ ಹತ್ತಿರ ಹೋಗಿ ಬಳೆಗಳ ಚಿತ್ರಗಳನ್ನೇ ತೆಗೆಯಿತು. ಉಲ್ಲೇಖದ ತಕ್ಕಡಿಯಲ್ಲಿ ಈ ಸಂಯಮವನ್ನು ಇಡುವುದಕ್ಕೆ ತಟ್ಟೆಯೇ ಇಲ್ಲ.

ಹಾಗೆ ನೋಡಿದರೆ ನಾವು ಕನ್ನಡಿಗರು ಉಲ್ಲೇಖದ ಬೆಲೆಯನ್ನು ಬಲ್ಲವರು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ವಿಮಲ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಎಂದು ಗದ್ಯಕಾರರನ್ನು ಹೆಸರಿಸುತ್ತದೆ. ಅವರ ಗದ್ಯಗ್ರಂಥಗಳೊಂದೂ ನಮಗೆ ದೊರೆತಿಲ್ಲ. ಆದರೂ ಆ ಒಂದು ಉಲ್ಲೇಖದ ಬಲದಿಂದ ಕನ್ನಡ ಗದ್ಯದ ಚರಿತ್ರೆ ಹಿಂದಕ್ಕೆ ಸರಿಯಿತು. ಇಂದಿನ ತಕ್ಕಡಿಯಲ್ಲಿ ವಿಮಲನ ಅಂಕವೆಷ್ಟಾದೀತೋ! ಒಂದಕ್ಕಿಂತ ಹೆಚ್ಚಾಗಲಾರದು.

ನಮ್ಮ ಹುಡುಗಿ ಮೊನ್ನೆ ತನ್ನ ಹೊಸ ಲೇಖನದ ಕರಡನ್ನು ಕಳುಹಿಸಿದ್ದಳು. ಗಣಿತವೆಲ್ಲ ನನಗೆ ಅರ್ಥವಾಗುವಂತಹುದಲ್ಲ. ಕೊನೆಯಲ್ಲಿ ಪೂರ್ವಲೇಖನಗಳ ಪಟ್ಟಿಯನ್ನು ಮಾತ್ರ ಬೆರಳಿಟ್ಟು ಓದಿದೆನು. ಎಲಿಯಟ್ಟರ ಹೆಸರು ಇದ್ದಿತು. ಮೇಲಿನ ಸಾಲಿನಲ್ಲಿ, ಅಕ್ಷರಾನುಕ್ರಮದ ದಯೆಯಿಂದ, ಭಟ್ಟಾಚಾರ್ಯ ಮತ್ತು ಕುಪ್ಪುಸ್ವಾಮಿ, 1977, ಸಂಪುಟ 267, ಪುಟ 331 ಎಂದಿದ್ದಿತು.