ಇರುಳಿನ ಅತಿಥಿ

ಸಂಸ್ಕೃತದಲ್ಲಿ ಇಲಿಗೆ ಮೂಷಿಕವೆಂದು ಹೆಸರು; ಕದಿಯುವುದೆಂಬರ್ಥದ ಧಾತುವಿನಿಂದ ಬಂದ ಮಾತದು. ಭಾರತೀನಗರದ ರೈತರಿಗೆ ಈ ನಿರುಕ್ತಿಯನ್ನು ಯಾರೂ ಬೋಧಿಸಬೇಕಾಗಿಲ್ಲ. ವಿಶ್ವೇಶ್ವರಯ್ಯ ನಾಲೆಯ ನೀರುಂಡು ಬೆಳೆದ ಭತ್ತಕ್ಕೂ ಕಬ್ಬಿಗೂ ಇಲಿಹೆಗ್ಗಣಗಳು ಕರೆಯದ ಪಾಲುಗಾರರಾಗಿ ರಾತ್ರಿವೇಳೆ ಬರುವುದನ್ನು ಅವರು ಚೆನ್ನಾಗಿ ಬಲ್ಲರು. ಅಂತಹ ಊರಿನ ಒಂದು ಮನೆಗೆ, ಬೆಂಗಳೂರಿನ ಅಂಗಡಿಯಲ್ಲಿ ಹಣ ಕೊಟ್ಟು ಕೊಂಡ ಹ್ಯಾಮ್‌ಸ್ಟರ್ ಎಂಬ ಹೊನ್ನುಬಣ್ಣದ ಮೂಷಿಕವೊಂದು ಮೊಮ್ಮಗಳ ಸಂಗಡ ಬೇಸಗೆಯ ರಜಕ್ಕೆ ಬಂದಿಳಿಯಿತು.

ಹಗಲೆಲ್ಲ ಅದು ಕಾಗದದ ಚೂರುಗಳೊಳಗೆ ಉಂಡೆಯಂತೆ ಮುದುಡಿ ಮಲಗಿರುವುದು. ಬಾಲಕಿಯು ಮಧ್ಯಾಹ್ನ ಅದನ್ನು ಎಬ್ಬಿಸಹೋದಾಗ ಬೆರಳನ್ನು ಕಚ್ಚಿತು. ರಾತ್ರಿ ಮನೆಯವರೆಲ್ಲ ಮಲಗಿದ ಬಳಿಕ ಪಂಜರದೊಳಗಿನ ಚಕ್ರವನ್ನೇರಿ ಓಡತೊಡಗಿದರೆ ಆ ಗರಗರ ಶಬ್ದ ಕೋಳಿ ಕೂಗುವವರೆಗೂ ನಿಲ್ಲದು. ಮೂರನೆಯ ದಿನ ಅಜ್ಜಿಯು, "ಇದಕ್ಕೆ ಏನೋ ಕಾಯಿಲೆ ಕಣವ್ವ. ಕಬ್ಬಿನ ಗದ್ದೆಗೆ ಬಿಟ್ಟುಬಿಡು, ತನ್ನ ಕುಲದವರ ಜೊತೆ ಸೇರಿಕೊಳ್ಳಲಿ" ಎಂದರು. ಬಾಲಕಿಯ ಕಣ್ಣಲ್ಲಿ ನೀರು ಬಂತು.

ಅಜ್ಜಿಯ ಮಾತಿನಲ್ಲಿ ದಯೆಯಿತ್ತೇ ಹೊರತು ಕ್ರೌರ್ಯವಿರಲಿಲ್ಲ. ಆದರೆ ಆ ದಯೆಯಿಂದ ಅದರ ಪ್ರಾಣವೇ ಹೋಗುತ್ತಿತ್ತು. ಅದರ ಕುಲದವರು ಇಲ್ಲಿಲ್ಲ. ಸಿರಿಯಾ, ತುರ್ಕಿ ದೇಶಗಳ ಗಡಿಯ ಒಣನೆಲ ಅದರ ತವರು. 1930ರಲ್ಲಿ ಪ್ರಾಣಿಶಾಸ್ತ್ರಜ್ಞನಾದ ಅಹರೋನಿಯು ಅಲೆಪ್ಪೊ ಪಟ್ಟಣದ ಸಮೀಪದಲ್ಲಿ ಬಿಲವೊಂದನ್ನು ಅಗೆಯಿಸಿ ತಾಯಿಯನ್ನೂ ಮರಿಗಳನ್ನೂ ಪಡೆದನು. ಇಂದು ಲೋಕದ ಮನೆಗಳಲ್ಲಿರುವ ಹೊನ್ನುಬಣ್ಣದ ಹ್ಯಾಮ್‌ಸ್ಟರುಗಳು ಬಹುಮಟ್ಟಿಗೆ ಆ ಒಂದೇ ಸಂಸಾರದ ಸಂತತಿ. ಅದು ಏಕಾಂಗಿ, ಪ್ರಾಯಕ್ಕೆ ಬಂದಮೇಲೆ ಸ್ವಜಾತಿಯ ಇನ್ನೊಂದನ್ನೂ ತನ್ನ ಪಂಜರದಲ್ಲಿ ಸಹಿಸದು. ಗದ್ದೆಯ ಗೂಬೆಗೂ ಕೇರೆಹಾವಿಗೂ ಅದು ಒಂದು ತುತ್ತು.

ಇರುಳಿನ ಓಟವೂ ರೋಗವಲ್ಲ. ಬಿಲದಿಂದ ಹೊರಟು ಕಾಳನ್ನು ಅರಸುತ್ತ ಅಲೆಯುವುದು ಅದರ ಸಹಜಧರ್ಮ. ಪಂಜರದಲ್ಲಿ ಆ ದಾರಿಯೆಲ್ಲ ಚಕ್ರಕ್ಕೆ ಸುತ್ತಿಕೊಂಡಿದೆ. ಒಂದೇ ರಾತ್ರಿಯಲ್ಲಿ ಹಲವು ಕಿಲೋಮೀಟರುಗಳಷ್ಟು ಓಡುವುದುಂಟು. ಕಣ್ಣು ಮಂದ, ಮೂಗು ಮೀಸೆಗಳು ಬಹು ಚುರುಕು. ಸಿಕ್ಕ ಕಾಳನ್ನು ಕೆನ್ನೆಯ ಚೀಲಗಳಲ್ಲಿ ತುಂಬಿ ತಂದು ಮೂಲೆಯಲ್ಲಿ ಬಚ್ಚಿಡುವುದು. ಜರ್ಮನ್ ಭಾಷೆಯಲ್ಲಿ ಕೂಡಿಡುವುದಕ್ಕೆ ಇದರ ಹೆಸರಿನಿಂದಲೇ ಒಂದು ಕ್ರಿಯಾಪದವಾಗಿದೆ. ನಮ್ಮವರು ಕಳ್ಳನೆಂದರೆ ಅವರು ಜಿಪುಣನೆಂದರು, ಅಷ್ಟೆ. ವಿಚಿತ್ರವೇನೆಂದರೆ, 2008ರಲ್ಲಿ ಪ್ರಕಟವಾದ ಶೋಧನೆಯೊಂದರಲ್ಲಿ, ತುರ್ಕಿಯ ಹೊಲಗಳಲ್ಲಿನ ಹೆಣ್ಣು ಹ್ಯಾಮ್‌ಸ್ಟರುಗಳು ಬೆಳಗು ಬೈಗುಗಳಲ್ಲಿ, ಬೆಳಕಿರುವಾಗಲೇ, ಹೊರಬರುವುದು ಕಂಡುಬಂದಿತು. ಸಾಕಿದಲ್ಲಿ ಮಾತ್ರ ಅದು ಅಪ್ಪಟ ನಿಶಾಚರ. ಮನುಷ್ಯನ ಮನೆ ಸೇರಿದ ಮೇಲೆ ಹಗಲನ್ನು ಮನುಷ್ಯನಿಗೇ ಬಿಟ್ಟುಕೊಟ್ಟಿತೆನ್ನಬೇಕು!

ಇದನ್ನೆಲ್ಲ ಮೊಮ್ಮಗಳು ಓದಿ ಹೇಳಿದಳು. ಅಜ್ಜಿಯು ಪೂರ್ತಿ ನಂಬಿದರೆಂದಲ್ಲ. ಆದರೂ ಪಂಜರವು ಮಲಗುವ ಕೋಣೆಯಿಂದ ನಡುಮನೆಗೆ, ಬೆಕ್ಕಿಗೆಟುಕದ ಮೂಲೆಗೆ ಹೋಯಿತು. ಹಗಲು ಯಾರೂ ಅದನ್ನು ಮುಟ್ಟತಕ್ಕದ್ದಲ್ಲವೆಂದೂ ದೀಪ ಹಚ್ಚಿದ ಮೇಲೆ ಕಾಳು ಹಾಕತಕ್ಕದ್ದೆಂದೂ ಏರ್ಪಾಡಾಯಿತು. ಮಂಡಿನೋವಿನಿಂದ ನಡುರಾತ್ರಿ ಏಳುವ ಅಜ್ಜಿಯು, ಚಕ್ರದ ಸದ್ದು ಕೇಳಿಬಾರದಿದ್ದರೆ ತಾವೇ ಹೋಗಿ ಬಗ್ಗಿ ನೋಡತೊಡಗಿದರು.