ಮಳೆ ನಿಂತರೂ ನಿಲ್ಲದ ಹನಿ

ನೋವಿನ ವಿಷಯವಾಗಿ ಬರೆಯಲು ಇವನಿಗೆ ಯಾವ ಅಧಿಕಾರವಿದೆ ಎಂದು ಓದುಗ ಬಂಧುಗಳು ಕೇಳಬಹುದು. ನಾನು ವೈದ್ಯನಲ್ಲ. ಬಾಲ್ಯದಲ್ಲಿ ಮಠದ ಸಂಸ್ಕೃತ ಪಾಠಶಾಲೆಯಲ್ಲಿ ಅನ್ನವನ್ನೂ ಅಕ್ಷರವನ್ನೂ ಪಡೆದು, ಪ್ರೌಢಶಾಲೆಯಲ್ಲಿ ಕನ್ನಡ ಪಂಡಿತನಾಗಿ ಮೂರು ದಶಕ ದುಡಿದು, ಈಗ ಶೆಟ್ಟಿಕೆರೆಯಲ್ಲಿ ತೆಂಗಿನ ತೋಟದ ನೆರಳಿನಲ್ಲಿ ನಿವೃತ್ತ ಜೀವನ ನಡೆಸುತ್ತಿರುವವನು. ಆದರೂ ಬರೆಯುತ್ತಿದ್ದೇನೆ. ಏಕೆಂದರೆ ನನ್ನ ಮನೆಯಲ್ಲಿಯೇ ಒಂದು ನೋವು ಮೂರು ತಿಂಗಳು ನನ್ನ ಕಣ್ಣೆದುರಿಗಿತ್ತು. ನಾನು ಅದನ್ನು ಕಾಣಲಿಲ್ಲ.

2022ರ ಅಕ್ಟೋಬರ್ ತಿಂಗಳು. ಆ ವರ್ಷ ನಮ್ಮ ಸೀಮೆಯಲ್ಲಿ ಮಳೆ ವಿಪರೀತ. ಬಿದ್ದ ಕಾಯಿ ಆಯಲೆಂದು ತೋಟಕ್ಕೆ ಹೋದ ನಮ್ಮ ಮನೆಯವರು ನೆಂದ ಮಟ್ಟೆಯೊಂದರ ಮೇಲೆ ಕಾಲಿಟ್ಟು ಜಾರಿದರು. ಬೀಳುವಾಗ ಯಾರಾದರೂ ಮಾಡುವಂತೆ ಕೈಯೂರಿದರು. ಎಡಗೈಯ ಮಣಿಕಟ್ಟಿನ ಮೂಳೆ ಮುರಿಯಿತು. ಸಮೀಪದ ಪಟ್ಟಣದ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆದು, ಮೂಳೆ ಕೂಡಿಸಿ, ಆರು ವಾರಗಳಿಗೆ ಪ್ಲಾಸ್ಟರ್ ಕಟ್ಟು ಹಾಕಿದರು. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿಯೇ ನಡೆಯಿತು.

ನಾಲ್ಕನೆಯ ವಾರದಿಂದ ಆಕೆ "ಕೈ ಉರೀತಿದೆ" ಎನ್ನತೊಡಗಿದರು. ಕಟ್ಟು ಬಿಚ್ಚಿದ ಮೇಲೆ ಉರಿ ಇಳಿಯಲಿಲ್ಲ, ಏರಿತು. ಅಂಗೈ ಊದಿ, ಚರ್ಮ ಕೆಂಪಾಗಿ ಎಣ್ಣೆ ಸವರಿದಂತೆ ಹೊಳೆಯುತ್ತಿತ್ತು. ಕೆಲವು ದಿನ ಬಿಸಿ, ಕೆಲವು ದಿನ ತಣ್ಣಗೆ ನೀಲಿ. ಆ ಕೈ ಮಾತ್ರ ಬೆವರುತ್ತಿತ್ತು. ಸೆರಗು ತಗುಲಿದರೆ, ಫ್ಯಾನಿನ ಗಾಳಿ ಸೋಕಿದರೆ ಕೆಂಡ ಮುಟ್ಟಿದಂತೆ ಕೈ ಎಳೆದುಕೊಳ್ಳುತ್ತಿದ್ದರು. ರಾತ್ರಿ ಒದ್ದೆ ಬಟ್ಟೆ ಸುತ್ತಿಕೊಂಡು ಕೂರುತ್ತಿದ್ದರು. ಪುನಃ ಎಕ್ಸ್‌ರೇ ಆಯಿತು. "ಮೂಳೆ ಚೆನ್ನಾಗಿ ಕೂಡಿದೆ, ಏನೂ ತೊಂದರೆಯಿಲ್ಲ" ಎಂದರು. ಆ ಮಾತನ್ನು ನಾನು ಶಾಸನದಂತೆ ಹಿಡಿದುಕೊಂಡೆ. ನೆರೆಯವರು ಗಾಳಿ ಸೋಂಕು ಎಂದರು, ದೃಷ್ಟಿ ಎಂದರು. ನಾಟಿ ವೈದ್ಯರೊಬ್ಬರು ಬಿಸಿ ಎಣ್ಣೆ ಹಚ್ಚಿ ಬಲವಾಗಿ ತಿಕ್ಕಿದರು. ಅಂದು ರಾತ್ರಿ ಆಕೆ ಕೂಗಿಕೊಂಡದ್ದು ಬೀದಿಗೆಲ್ಲ ಕೇಳಿಸಿತು. ನಾನಾದರೋ ಸಹನೆಯ ಮೇಲೆ ಉಪನ್ಯಾಸ ಕೊಟ್ಟೆ. ಮನಸ್ಸನ್ನು ಗಟ್ಟಿ ಮಾಡಿಕೊಂಡರೆ ನೋವು ತಾನಾಗಿ ಶಮನವಾಗುತ್ತದೆ ಎಂದೆ.

ಒಂದು ಬೆಳಗಿನ ಜಾವ ಆಕೆ ನನ್ನನ್ನು ಕೇಳಿದರು: "ಬಲಗೈಯಲ್ಲಿ ಹಿಡ್ಕೊಂಡು ಪೂಜೆ ಮಾಡಿದ್ರೆ ತಪ್ಪಾಗುತ್ತಾ?"

ಇಷ್ಟಲಿಂಗವನ್ನು ಎಡ ಅಂಗೈಯಲ್ಲಿರಿಸಿ ಬಲಗೈಯಿಂದ ಪೂಜಿಸುವುದು ನಮ್ಮ ಪದ್ಧತಿ. ಪ್ರಶ್ನೆ ಕೈಯದಾಗಿತ್ತು; ನಾನು ಕೊಟ್ಟ ಉತ್ತರ ಗ್ರಂಥದ್ದು. ಕರಪೀಠವೆಂದರೆ ವಾಮಕರವೇ ಎಂದು ಆಧಾರಸಹಿತವಾಗಿ ವಿವರಿಸಿದೆ. ಆ ಕೈಯನ್ನು ಒಮ್ಮೆ ತಿರುಗಿಸಿ ನೋಡಲಿಲ್ಲ. ಆಕೆ ಮರುಮಾತಾಡದೆ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಕುಳಿತರು. ಬೆರಳುಗಳು ನಡುಗುತ್ತಿದ್ದವು, ಕಣ್ಣಿಂದ ನೀರು ಸುರಿಯುತ್ತಿತ್ತು. ಅದನ್ನು ಭಕ್ತಿಯ ಅಶ್ರುವೆಂದು ಭಾವಿಸಿ ನಾನು ಮನಸ್ಸಿನಲ್ಲಿಯೇ ಸಂತೋಷಪಟ್ಟೆ. ಇದನ್ನು ಬರೆಯುವಾಗ ಇಂದಿಗೂ ನನಗೆ ನಾಚಿಕೆಯಾಗುತ್ತದೆ.

2023ರ ಸಂಕ್ರಾಂತಿಗೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಎಳ್ಳು ಬೀರಲು ಮನೆಗೆ ಬಂದಳು. ಬೆಂಗಳೂರಿನಲ್ಲಿ ವೈದ್ಯೆಯಾಗಿದ್ದಾಳೆ. ಮನೆಯವರು ಒಂದೇ ಕೈ ಚಾಚಿ ಎಳ್ಳು ತೆಗೆದುಕೊಂಡದ್ದನ್ನೂ, ಇನ್ನೊಂದನ್ನು ಸೆರಗಿನೊಳಗೆ ಮರೆಮಾಡಿದ್ದನ್ನೂ ಕಂಡು, "ಅಮ್ಮ, ಎರಡೂ ಕೈ ತೋರಿಸಿ" ಎಂದಳು. ಜೋಡಿಸಿ ನೋಡಿದರೆ ಅವು ಒಬ್ಬರದೇ ಕೈಗಳೆಂದು ತೋರುತ್ತಿರಲಿಲ್ಲ. ಬಣ್ಣ ಬೇರೆ, ಗಾತ್ರ ಬೇರೆ, ಉಗುರಿನ ಬೆಳವಣಿಗೆ ಬೇರೆ. ಹತ್ತಿಯ ಎಳೆಯೊಂದನ್ನು ಮೆಲ್ಲನೆ ತಾಗಿಸಿದಳು. ಆಕೆ ಬೆಚ್ಚಿ ಕೈ ಹಿಂದೆಗೆದರು. ವಿದ್ಯಾರ್ಥಿನಿ ನನ್ನ ಕಡೆ ತಿರುಗಿ, "ಮೇಷ್ಟ್ರೇ, ಇದು ಮನಸ್ಸಿನ ಕಲ್ಪನೆಯಲ್ಲ. ಇದಕ್ಕೊಂದು ಹೆಸರಿದೆ" ಎಂದಳು.

ಹೆಸರು ಕಾಂಪ್ಲೆಕ್ಸ್ ರೀಜನಲ್ ಪೇಯ್ನ್ ಸಿಂಡ್ರೋಮ್, ಸಂಕ್ಷೇಪವಾಗಿ ಸಿ.ಆರ್.ಪಿ.ಎಸ್. ಸಂಕೀರ್ಣ ಪ್ರಾದೇಶಿಕ ನೋವಿನ ಲಕ್ಷಣಕೂಟ ಎನ್ನಬಹುದು. ಇಲ್ಲಿ ಪ್ರದೇಶವೆಂದರೆ ದೇಹದ ಒಂದು ಭಾಗ, ಸಾಮಾನ್ಯವಾಗಿ ಒಂದು ಕೈ ಅಥವಾ ಒಂದು ಕಾಲು. ಮೂಳೆಮುರಿತ, ಉಳುಕು ಅಥವಾ ಶಸ್ತ್ರಕ್ರಿಯೆಯ ನಂತರ ಇದು ತಲೆದೋರುತ್ತದೆ. ಮಣಿಕಟ್ಟಿನ ಮುರಿತದ ಬಳಿಕ ಬರುವುದು ಹೆಚ್ಚು. ಪುರುಷರಿಗಿಂತ ಸ್ತ್ರೀಯರಲ್ಲಿ ಇದರ ಪ್ರಮಾಣ ಸುಮಾರು ಮೂರು ಪಟ್ಟು. ನರಕ್ಕೆ ಸ್ಪಷ್ಟವಾದ ಗಾಯವಿಲ್ಲದಿದ್ದರೆ ಒಂದನೆಯ ಬಗೆ, ಇದ್ದರೆ ಎರಡನೆಯ ಬಗೆ.

ರೋಗ ಹೊಸದಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ಗುಂಡೇಟಿನಿಂದ ನರಗಳು ಘಾಸಿಗೊಂಡ ಸೈನಿಕರನ್ನು ಉಪಚರಿಸಿದ ಸೈಲಾಸ್ ವೇರ್ ಮಿಚೆಲ್ ಎಂಬ ವೈದ್ಯರು 1864ರಲ್ಲಿ ತಮ್ಮ ಸಹೋದ್ಯೋಗಿಗಳೊಡನೆ ಪ್ರಕಟಿಸಿದ ಗ್ರಂಥದಲ್ಲಿ ಈ ಉರಿನೋವನ್ನು ವರ್ಣಿಸಿದ್ದಾರೆ. ಆ ಸೈನಿಕರು ಉರಿಯುವ ಕೈಯನ್ನು ಸದಾ ಒದ್ದೆ ಮಾಡಿಕೊಂಡೇ ಇರುತ್ತಿದ್ದರಂತೆ. ಇದನ್ನು ಕೇಳಿದಾಗ ನನಗೆ ನಡುರಾತ್ರಿಯ ಆ ಒದ್ದೆ ಬಟ್ಟೆ ನೆನಪಾಗಿ ಗಂಟಲು ಕಟ್ಟಿತು. 1900ರಲ್ಲಿ ಜರ್ಮನಿಯ ಶಸ್ತ್ರವೈದ್ಯ ಪೌಲ್ ಸೂಡೆಕ್ ಅವರು ಇಂಥ ಅಂಗಗಳಲ್ಲಿ ಮೂಳೆ ಸವೆದು ತೆಳುವಾಗುವುದನ್ನು ಗುರುತಿಸಿದರು. ಅನಂತರ ಅನೇಕ ಹೆಸರುಗಳು ಬಂದು, 1994ರಲ್ಲಿ ನೋವಿನ ಅಧ್ಯಯನಕ್ಕಾಗಿಯೇ ಇರುವ ಅಂತರರಾಷ್ಟ್ರೀಯ ಸಂಘ ಈಗಿನ ಹೆಸರನ್ನು ಸ್ಥಿರಗೊಳಿಸಿತು.

ಮೂಳೆ ಕೂಡಿದ ಮೇಲೂ ನೋವೇಕೆ ಎಂದು ನಾನು ಕೇಳಿದೆ. ಆಕೆ ನಮ್ಮ ಗಾದೆಯನ್ನೇ ನನಗೆ ಹಿಂದಿರುಗಿಸಿದಳು: ಮಳೆ ನಿಂತರೂ ಮರದ ಹನಿ ನಿಲ್ಲದು. ಪೆಟ್ಟು ಬಿದ್ದಾಗ ನರಗಳು ಮೆದುಳಿಗೆ ಅಪಾಯದ ಸುದ್ದಿ ಮುಟ್ಟಿಸುತ್ತವೆ. ಗಾಯ ಮಾಗಿದಂತೆ ಸುದ್ದಿ ನಿಲ್ಲಬೇಕು. ಕೆಲವರಲ್ಲಿ ಅದು ನಿಲ್ಲುವುದಿಲ್ಲ. ಉರಿಯೂತ ಮುಂದುವರಿಯುತ್ತದೆ, ನರಗಳು ಅತಿಸೂಕ್ಷ್ಮವಾಗುತ್ತವೆ, ರಕ್ತನಾಳಗಳನ್ನೂ ಬೆವರನ್ನೂ ನಿಯಂತ್ರಿಸುವ ನರವ್ಯೂಹ ಹದ ತಪ್ಪುತ್ತದೆ. ಮೆದುಳಿನಲ್ಲಿ ಕೈಗೆಂದು ಇರುವ ನಕ್ಷೆಯೂ ಕದಡುತ್ತದೆ. ನೋವೆಂದು ಕೈಯನ್ನು ಅಲುಗಿಸದಿದ್ದರೆ ಅದು ಇನ್ನಷ್ಟು ಬಿಗಿಯುತ್ತದೆ; ಬಿಗಿದಷ್ಟೂ ನೋವು ಹೆಚ್ಚುತ್ತದೆ.

ಇದನ್ನು ಖಚಿತಪಡಿಸುವ ರಕ್ತಪರೀಕ್ಷೆಯಾಗಲಿ, ಒಂದು ಚಿತ್ರವಾಗಲಿ ಇಲ್ಲ. ಎಕ್ಸ್‌ರೇ ಮತ್ತಿತರ ಪರೀಕ್ಷೆಗಳು ಬೇರೆ ಕಾರಣಗಳನ್ನು ತಳ್ಳಿಹಾಕಲು ನೆರವಾಗುತ್ತವೆ, ಅಷ್ಟೆ. ರೋಗಿಯ ಮಾತನ್ನು ಕೇಳಿ, ಅಂಗವನ್ನು ಕಣ್ಣಿಟ್ಟು ನೋಡಿಯೇ ತೀರ್ಮಾನಿಸಬೇಕು. 2003ರಲ್ಲಿ ಹಂಗೇರಿಯ ಬುಡಾಪೆಸ್ಟ್ ನಗರದಲ್ಲಿ ಸೇರಿದ ತಜ್ಞರು ಇದಕ್ಕೊಂದು ಕ್ರಮವನ್ನು ರೂಪಿಸಿದರು. 2012ರಲ್ಲಿ ಅದು ಅಧಿಕೃತವಾಯಿತು. ಮೊದಲನೆಯದಾಗಿ, ಆದ ಪೆಟ್ಟಿಗೆ ಮೀರಿದ ನೋವು ಎಡೆಬಿಡದೆ ಇರಬೇಕು. ಬಳಿಕ ನಾಲ್ಕು ಗುಂಪಿನ ಲಕ್ಷಣಗಳನ್ನು ನೋಡುತ್ತಾರೆ: ಸ್ಪರ್ಶ ಸಹಿಸಲಾಗದಿರುವುದು; ಚರ್ಮದ ಬಣ್ಣ ಅಥವಾ ಶಾಖದಲ್ಲಿ ಎರಡು ಕೈಗಳ ನಡುವೆ ವ್ಯತ್ಯಾಸ; ಊತ ಅಥವಾ ಬೆವರಿನಲ್ಲಿ ವ್ಯತ್ಯಾಸ; ಚಲನೆ ಕುಂದುವುದು, ನಡುಕ, ಕೂದಲು ಉಗುರು ಚರ್ಮಗಳಲ್ಲಿ ಮಾರ್ಪಾಡು. ಇವುಗಳಲ್ಲಿ ಮೂರು ಗುಂಪಿನ ಲಕ್ಷಣಗಳನ್ನಾದರೂ ರೋಗಿ ಹೇಳಬೇಕು, ಎರಡನ್ನಾದರೂ ವೈದ್ಯರು ಆಗ ಕಣ್ಣಾರೆ ಕಾಣಬೇಕು. ಬೇರಾವ ರೋಗವೂ ಇದನ್ನು ಇನ್ನೂ ಚೆನ್ನಾಗಿ ವಿವರಿಸುವಂತಿರಬಾರದು. ನಮ್ಮ ಮನೆಯವರಲ್ಲಿ ನಾಲ್ಕೂ ಗುಂಪುಗಳು ಇದ್ದವು. ಎರಡು ತಿಂಗಳಿಂದ ಅವರು ಬಾಯಿಬಿಟ್ಟು ಹೇಳುತ್ತಿದ್ದುದೂ ಅದನ್ನೇ.

ಮರುವಾರ ತಿಪಟೂರಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋದೆವು. ವೈದ್ಯರು ನರನೋವಿಗೆಂದು ಕೊಡುವ ಮಾತ್ರೆಗಳನ್ನೂ, ಊತ ತಗ್ಗಲು ಕೆಲವೇ ದಿನಗಳ ಸ್ಟೀರಾಯ್ಡನ್ನೂ ಬರೆದುಕೊಟ್ಟರು. ಮೂಳೆಯ ಸವೆತ ತಡೆಯುವ ಔಷಧಗಳುಂಟು. ಇವುಗಳಿಂದ ಬಗೆಹರಿಯದಿದ್ದರೆ ಕುತ್ತಿಗೆಯ ಬಳಿಯ ನರಗಂಟಿಗೆ ಚುಚ್ಚುಮದ್ದು ಕೊಡುವ ವಿಧಾನವೂ ಉಂಟು ಎಂದು ತಿಳಿಸಿದರು. ಇವೆಲ್ಲ ವೈದ್ಯರೇ ನಿರ್ಧರಿಸತಕ್ಕವು. ಯಾರೂ ಸ್ವತಃ ಪ್ರಯೋಗಿಸಬಾರದು. ಆದರೆ ಅವರು ಒತ್ತಿ ಹೇಳಿದ ಮಾತೆಂದರೆ, ಮಾತ್ರೆ ಕೈಗೆ ಕೆಲಸ ಮಾಡಲು ಅವಕಾಶ ಕಲ್ಪಿಸುತ್ತದೆ. ಗುಣಪಡಿಸುವುದು ಆ ಕೆಲಸವೇ. ಕೊರಳಿಗೆ ಕಟ್ಟಿದ್ದ ಪಟ್ಟಿಯನ್ನು ಅಂದೇ ತೆಗೆಸಿದರು.

ವ್ಯಾಯಾಮ ಚಿಕಿತ್ಸಕರು ಎಡಗೈ ಬಲಗೈಗಳ ಚಿತ್ರಗಳನ್ನು ಕೊಟ್ಟು ಯಾವುದು ಯಾವುದೆಂದು ಗುರುತಿಸಲು ಹೇಳಿದರು. ಬಳಿಕ ಕೈಯಾಡಿಸುವುದನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಬೇಕು. ಆಮೇಲೆ ಕನ್ನಡಿ. ಮೇಜಿನ ಮೇಲೆ ಕನ್ನಡಿಯನ್ನು ನೆಟ್ಟಗೆ ನಿಲ್ಲಿಸಿ, ನೋವಿನ ಕೈಯನ್ನು ಹಿಂದೆ ಮರೆಮಾಡಿ, ಒಳ್ಳೆಯ ಕೈ ಆಡುವುದನ್ನು ಕನ್ನಡಿಯಲ್ಲಿ ನೋಡಬೇಕು. ನೋಯದೆ ಆಡುವ ಎಡಗೈಯನ್ನು ಮೆದುಳು ಕಂಡಂತಾಗುತ್ತದೆ. ಕೈ ಕಳೆದುಕೊಂಡವರಿಗೆ ಇಲ್ಲದ ಕೈಯಲ್ಲಿ ಬರುವ ನೋವಿಗೆಂದು ಈ ಕನ್ನಡಿಯ ಉಪಾಯವನ್ನು 1990ರ ದಶಕದಲ್ಲಿ ರೂಢಿಗೆ ತಂದವರು ಭಾರತೀಯ ಮೂಲದ ನರವಿಜ್ಞಾನಿ ವಿ. ಎಸ್. ರಾಮಚಂದ್ರನ್.

ಇದರೊಡನೆ ಸ್ಪರ್ಶದ ಅಭ್ಯಾಸ. ದಿನಕ್ಕೆ ಹಲವು ಸಲ, ಕೆಲವೇ ನಿಮಿಷ, ಸಹಿಸುವಷ್ಟು ಮಾತ್ರ. ಮೊದಲು ಹತ್ತಿ, ಆಮೇಲೆ ರೇಷ್ಮೆಯ ಚೂರು, ಆಮೇಲೆ ಒರಟು ಟವೆಲು. ನಮ್ಮ ಮನೆಯವರು ಅದಕ್ಕೆ ತಾವಾಗಿ ಇನ್ನೊಂದನ್ನು ಸೇರಿಸಿಕೊಂಡರು. ಒಂದು ಚಿಟಿಕೆ ವಿಭೂತಿಯನ್ನು ಅಂಗೈಗೆ ಉದುರಿಸಿ ಮೆಲ್ಲನೆ ಸವರುವುದು. ಚಿಕಿತ್ಸಕರನ್ನು ಕೇಳಿದೆವು. "ಮೃದುವಾದ ಪುಡಿ, ಧಾರಾಳವಾಗಿ ಮಾಡಿ" ಎಂದರು. ಕಾಯಿಯ ನಾರನ್ನು ಹಿಸಿಯುವುದು, ಅವರೆಕಾಯಿ ಸುಲಿಯುವುದು ಕೂಡ ವ್ಯಾಯಾಮವಾಯಿತು. ಪೂಜೆಗೆ ಮಾತ್ರ ಆಕೆ ಮತ್ತೆ ನನ್ನನ್ನು ಏನೂ ಕೇಳಲಿಲ್ಲ. ನಾನೇ ಹೋಗಿ, "ಕೈ ಬರುವ ತನಕ ಬಲಗೈಯಲ್ಲಿಯೇ ಹಿಡಿದುಕೋ. ಅಂದು ನಾನು ಹೇಳಿದ್ದು ತಪ್ಪು" ಎಂದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಶಾಸ್ತ್ರ ತಪ್ಪಿರಲಿಲ್ಲ. ನೀವು ಕೈ ನೋಡಿರಲಿಲ್ಲ, ಅಷ್ಟೆ" ಎಂದರು.

ಆ ವರ್ಷದ ಶ್ರಾವಣದ ಹೊತ್ತಿಗೆ ಲಿಂಗ ಮರಳಿ ಎಡ ಅಂಗೈಗೆ ಬಂದಿತು. ಪೂರ್ಣ ಗುಣವಾಯಿತೆಂದು ನಾನು ಹೇಳಲಾರೆ. ಚಳಿಗಾಲದಲ್ಲಿ ಇಂದಿಗೂ ಬೆರಳು ಬಿಗಿಯುತ್ತದೆ. ಕಿರುಬೆರಳು ಪೂರ್ತಿ ಮಡಚುವುದಿಲ್ಲ. ಮೊದಲ ವರ್ಷದಲ್ಲಿ ಬಹಳ ಜನ ಸುಧಾರಿಸುತ್ತಾರೆ, ಕೆಲವರಲ್ಲಿ ನೋವು ವರ್ಷಗಟ್ಟಲೆ ಉಳಿಯುತ್ತದೆ, ಬೇಗ ಗುರುತಿಸಿದಷ್ಟೂ ಒಳ್ಳೆಯದು ಎಂದು ವೈದ್ಯರು ಹೇಳುತ್ತಾರೆ. ನಾನು ಕಳೆದ ಆ ವಾರಗಳ ಲೆಕ್ಕ ಆ ಕಿರುಬೆರಳಿನಲ್ಲಿ ಇರಬಹುದು.

ನಮ್ಮದು ತೆಂಗಿನ ನಾಡು. ಮರದಿಂದ ಬೀಳುವವರು, ತೋಟದಲ್ಲಿ ಜಾರುವವರು, ಅಟ್ಟದ ಏಣಿಯಿಂದ ತಪ್ಪುವವರು ಪ್ರತಿ ಊರಿನಲ್ಲಿದ್ದಾರೆ. ಆದುದರಿಂದ ಓದುಗ ಬಂಧುಗಳಲ್ಲಿ ನನ್ನದೊಂದು ಬಿನ್ನಹ. ಮುರಿದ ಕೈಯಾಗಲಿ ಕಾಲಾಗಲಿ ವಾಸಿಯಾಗುವ ಕಾಲದಲ್ಲಿ ಉರಿ ಹೆಚ್ಚಿದರೆ, ಬಣ್ಣ ಬದಲಾದರೆ, ಬಟ್ಟೆಯ ಸ್ಪರ್ಶವೂ ಸಹಿಸದಾದರೆ ತಡಮಾಡಬೇಡಿ. ಪ್ಲಾಸ್ಟರ್ ಕಟ್ಟಿನೊಳಗೆ ನೋವು ಏರುತ್ತಿದ್ದು ಬೆರಳು ಮರಗಟ್ಟಿದರೆ ಅದೇ ದಿನ ವೈದ್ಯರಿಗೆ ತೋರಿಸಿ. ಅದಕ್ಕೆ ಬೇರೆ ಅಪಾಯಕಾರಿ ಕಾರಣಗಳೂ ಇರಬಹುದು. ಬಲವಂತವಾಗಿ ತಿಕ್ಕಿಸಬೇಡಿ. ಎಕ್ಸ್‌ರೇ ಸರಿಯಿದೆ ಎಂದ ಮಾತ್ರಕ್ಕೆ ನೋವು ಸುಳ್ಳೆನ್ನಬೇಡಿ. ಭಯ, ದುಃಖಗಳು ಈ ನೋವನ್ನು ಹೆಚ್ಚಿಸುವುದು ನಿಜ. ಆದರೆ ಅವು ಅದರ ಮೂಲವಲ್ಲ. ನೋಯುವವರ ಮಾತನ್ನು ಮನೆಯವರು ನಂಬದಿದ್ದರೆ ಆ ಭಯ ದುಃಖಗಳು ಬೆಳೆಯದೆ ಇನ್ನೇನಾಗುತ್ತವೆ?

ಈಗಲೂ ಕೆಲವು ದಿನ ಪೂಜೆಯ ವೇಳೆ ಆಕೆಯ ಕಣ್ಣು ತುಂಬುತ್ತದೆ. ಅದು ಭಕ್ತಿಯೆಂದು ನಾನು ಊಹಿಸುವುದನ್ನು ಬಿಟ್ಟಿದ್ದೇನೆ. ಪೂಜೆ ಮುಗಿದ ಮೇಲೆ ಹತ್ತಿರ ಕುಳಿತು, ಕೈ ಹೇಗಿದೆ ಎಂದು ಕೇಳುತ್ತೇನೆ.