ನನ್ನದಲ್ಲದ ಹಣ

2018ರ ಅಕ್ಟೋಬರ್. ಆಯುಧಪೂಜೆಗೆ ಇನ್ನು ನಾಲ್ಕೇ ದಿನ. ನಮ್ಮ ಶೆಡ್ಡಿನ ಸಿಎನ್‌ಸಿ ಆಪರೇಟರ್ ಒಬ್ಬ ಮಧ್ಯಾಹ್ನದ ಊಟ ಮುಗಿಸಿ ನನ್ನ ಕ್ಯಾಬಿನ್‌ಗೆ ಬಂದ. ಕುಣಿಗಲ್ ಕಡೆಯ ಹುಡುಗ. ನಮ್ಮಲ್ಲಿ ಸೇರಿ ಒಂಬತ್ತು ವರ್ಷವಾಗಿತ್ತು. ತಂಗಿಯ ಮದುವೆ ಗೊತ್ತಾಗಿದೆ, ಪಿಎಫ್‌ನಲ್ಲಿ ಅಡ್ವಾನ್ಸ್ ತೆಗೀಬೇಕು ಅಂದ. ಆಗಿನ ನಿಯಮದಂತೆ ಏಳು ವರ್ಷ ತುಂಬಿದವರು ಮದುವೆ ಖರ್ಚಿಗೆ ತಮ್ಮ ಪಾಲಿನ ಅರ್ಧದವರೆಗೆ ತೆಗೆಯಬಹುದು ಎಂಬುದು ನನಗೂ ಗೊತ್ತಿತ್ತು. ತಗೋಳಪ್ಪ, ಅದಕ್ಕೇನು ಅಂದೆ. ಅವನು ಫೋನನ್ನು ಮೇಜಿನ ಮೇಲಿಟ್ಟು ನನ್ನ ಕಡೆ ತಿರುಗಿಸಿದ. ಉಮಂಗ್ ಆ್ಯಪ್‌ನಲ್ಲಿ ಅವನ ಪಾಸ್‌ಬುಕ್ ತೆರೆದಿತ್ತು. ಕೊನೆಯ ಸಾಲು ಏಪ್ರಿಲ್ ಸಂಬಳದ್ದು.

"ಸಾರ್, ಸ್ಲಿಪ್‌ನಲ್ಲಿ ತಿಂಗಳು ತಿಂಗಳೂ ಕಟ್ ಆಗಿದೆ. ಇಲ್ಲಿ ಮಾತ್ರ ನಾಲ್ಕು ತಿಂಗಳಿಂದ ಬಂದಿಲ್ಲ."

"ಆನ್‌ಲೈನ್ ಪ್ರಾಬ್ಲಂ ಇರುತ್ತೆ ಕಣೋ. ಆಡಿಟರ್‌ಗೆ ಹೇಳ್ತೀನಿ" ಅಂದೆ.

ಅವನು ಫೋನ್ ತೆಗೆದುಕೊಂಡು ಮೆಷಿನ್ ಹತ್ತಿರ ಹೋದ. ಆನ್‌ಲೈನ್‌ನಲ್ಲಿ ಯಾವ ತೊಂದರೆಯೂ ಇರಲಿಲ್ಲ. ಆ ದುಡ್ಡನ್ನು ನಾನು ಕಟ್ಟಿರಲಿಲ್ಲ.

ಲೆಕ್ಕ ಹೇಳಿಬಿಡುತ್ತೇನೆ. ಆಗ ನಮ್ಮಲ್ಲಿ 23 ಜನ ಇದ್ದರು. ಬೇಸಿಕ್ ಮತ್ತು ತುಟ್ಟಿಭತ್ಯೆ ಸೇರಿ ಸರಾಸರಿ 12 ಸಾವಿರ ರೂಪಾಯಿ. ಅದರಲ್ಲಿ 12% ಅಂದರೆ ಒಬ್ಬರಿಗೆ 1,440. ಎಲ್ಲರದೂ ಸೇರಿ ತಿಂಗಳಿಗೆ 33 ಸಾವಿರದ ಚಿಲ್ಲರೆ. ಕಂಪನಿಯ ಪಾಲೂ ಹೆಚ್ಚುಕಡಿಮೆ ಅಷ್ಟೇ. ಎರಡನ್ನೂ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಇನ್ನೊಂದು ಕಡೆ, 2016ರಲ್ಲಿ 22 ಲಕ್ಷ ಸಾಲ ಮಾಡಿ ತಂದ ವಿಎಂಸಿ ಮೆಷಿನ್‌ಗೆ ತಿಂಗಳಿಗೆ 49 ಸಾವಿರ ಕಂತು. ಒಂದು ದೊಡ್ಡ ಪಾರ್ಟಿಯಿಂದ 14 ಲಕ್ಷ ಬರಬೇಕಿತ್ತು, ಬಿಲ್ ಕೊಟ್ಟು 110 ದಿನ ದಾಟಿತ್ತು. ಆ ಬಿಲ್ಲಿನ ಮೇಲಿನ 18% ಜಿಎಸ್‌ಟಿಯನ್ನು, ದುಡ್ಡು ಬಂದಿರಲಿ ಬಿಡಲಿ, ಮರುತಿಂಗಳ 20ಕ್ಕೇ ಕಟ್ಟಿಯಾಗಿತ್ತು. ಬ್ಯಾಂಕಿನ ಓಡಿ ಲಿಮಿಟ್ ಮುಗಿದಿತ್ತು. ಕಂತು ತಪ್ಪಿದರೆ ಬ್ಯಾಂಕಿನವರು ಫೋನ್ ಮಾಡುತ್ತಾರೆ, ಸಂಬಳ ತಪ್ಪಿದರೆ ಹುಡುಗರು ಕೆಲಸ ಬಿಡುತ್ತಾರೆ. ಪಿಎಫ್ ಕಟ್ಟದಿದ್ದರೆ ಒಂದಷ್ಟು ದಿನ ಯಾರೂ ಕೇಳುವುದಿಲ್ಲ. ಯಾರು ಕೇಳುವುದಿಲ್ಲವೋ ಅವರ ದುಡ್ಡನ್ನು ನಾನು ತೆಗೆದುಕೊಂಡೆ.

ಇದಕ್ಕೆ ನಮ್ಮ ಪೀಣ್ಯದಲ್ಲಿ ಒಂದು ಮಾತಿದೆ, ರೊಟೇಷನ್. "ಹೇಗೋ ರೊಟೇಷನ್ ಮಾಡ್ತಿದೀನಿ" ಎಂದರೆ ಎದುರಿನವನು ತಲೆಯಾಡಿಸುತ್ತಾನೆ, ಅವನೂ ಅದನ್ನೇ ಮಾಡುತ್ತಿರುತ್ತಾನೆ. ಈ ಮಾತಿನಲ್ಲಿ ದುಡ್ಡಿಗೆ ಯಜಮಾನನೇ ಇರುವುದಿಲ್ಲ. ಅದು ಚಕ್ರದ ಹಾಗೆ ತಾನಾಗಿ ತಿರುಗುತ್ತಿದೆ, ನಾನು ಕೈಯಾಡಿಸುತ್ತಿದ್ದೇನೆ ಅಷ್ಟೆ. ಇಪ್ಪತ್ತು ವರ್ಷ ಆ ಮಾತು ನನ್ನನ್ನು ಕಾಪಾಡಿತು. ಕಾನೂನಿನಲ್ಲಿ ಬೇರೆ ಮಾತಿದೆ. ಸಂಬಳದಲ್ಲಿ ಹಿಡಿದುಕೊಂಡ ಪಿಎಫ್ ಪಾಲನ್ನು ಕಟ್ಟದೆ ಇದ್ದರೆ ಆಗಿನ ಭಾರತೀಯ ದಂಡ ಸಂಹಿತೆಯ 405ನೇ ಕಲಮು ಅದನ್ನು ನಂಬಿಕೆದ್ರೋಹ ಎನ್ನುತ್ತಿತ್ತು. ಆ ಸಾಲನ್ನು ಮೊದಲ ಸಲ ಓದಿದ ರಾತ್ರಿ ನಾನು ಹೆಂಡತಿಗೂ ಹೇಳಲಿಲ್ಲ.

ನಮ್ಮ ತಂದೆ ಜಾಲಹಳ್ಳಿಯ ಎಚ್‌ಎಂಟಿಯಲ್ಲಿ ಫಿಟ್ಟರ್ ಆಗಿದ್ದರು. 1953ರಲ್ಲಿ ಶುರುವಾದ ಆ ಕಾರ್ಖಾನೆಯ ಸೈರನ್ ಕೇಳಿಯೇ ನಮ್ಮ ಮನೆಯಲ್ಲಿ ಅನ್ನಕ್ಕೆ ಇಡುತ್ತಿದ್ದರು. ಎಚ್‌ಎಂಟಿ, ಬಿಇಎಲ್, ಎಚ್‌ಎಎಲ್‌ಗಳಲ್ಲಿ ಕೈಪಳಗಿದ ಎಷ್ಟೋ ಜನ ಒಂದು ಲೇತ್ ಹಾಕಿಕೊಂಡು ಪೀಣ್ಯದಲ್ಲಿ ಕೂತರು. ಅವರನ್ನು ನೋಡುತ್ತಲೇ ನಾನು ಬೆಳೆದೆ. 1998ರಲ್ಲಿ ಇದ್ದ ಕೆಲಸ ಬಿಟ್ಟು, ಹಳೆಯದೊಂದು ಎಚ್‌ಎಂಟಿ ಎನ್‌ಎಚ್ 22 ಲೇತ್ ಕೊಂಡು, ಪೀಣ್ಯದ ಎರಡನೇ ಹಂತದಲ್ಲಿ ಬಾಡಿಗೆ ಶೆಡ್ ಹಿಡಿದಾಗ ಬಂಧುಗಳೆಲ್ಲ "ಎದೆಗಾರಿಕೆ ಬೇಕಪ್ಪ" ಅಂದರು. ತಂದೆ ಮಾತ್ರ, "ತಿಂಗಳ ಕೊನೆಗೆ ಸಂಬಳ ಕೊಡೋದು ಯಾರು?" ಎಂದು ಕೇಳಿದರು. ನಾನೇ ಎಂದೆ. ಅವರು ಕೇಳಿದ್ದು ನನಗೆ ಸಂಬಳ ಕೊಡುವವರು ಯಾರು ಎಂದೋ, ನಾನು ಇಟ್ಟುಕೊಳ್ಳುವ ಜನಕ್ಕೆ ಕೊಡುವವರು ಯಾರು ಎಂದೋ, ಈಗಲೂ ಯೋಚಿಸುತ್ತೇನೆ.

ಎದೆಗಾರಿಕೆ ಎಂಬ ಹೊಗಳಿಕೆಯನ್ನು ನಾನು ಬಹಳ ವರ್ಷ ಮೈಮೇಲೆ ಹೊದ್ದುಕೊಂಡೇ ಓಡಾಡಿದೆ. ಸಾಲ ಮಾಡಲು ಹೆದರಲಿಲ್ಲ, ಹೊಸ ಮೆಷಿನ್ ತರಲು ಹೆದರಲಿಲ್ಲ. ಆದರೆ 14 ಲಕ್ಷ ಕೊಡಬೇಕಿದ್ದ ಪಾರ್ಟಿಯ ಪರ್ಚೇಸ್ ಮ್ಯಾನೇಜರ್ ಎದುರು ಕೂತು "ನನ್ನ ದುಡ್ಡು ಕೊಡಿ" ಎನ್ನಲು ನನ್ನಿಂದ ಆಗಲಿಲ್ಲ. ಕಾನೂನು ನನ್ನ ಕಡೆಗಿತ್ತು. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಕರಾರು ಏನೇ ಇದ್ದರೂ ಸಣ್ಣ ಘಟಕಕ್ಕೆ 45 ದಿನದೊಳಗೆ ಹಣ ಕೊಡಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು, ಅದೂ ಚಕ್ರಬಡ್ಡಿ. ದೂರು ಕೊಡಲು 2017ರಲ್ಲೇ ಸಮಾಧಾನ್ ಪೋರ್ಟಲ್ ಬಂದಿತ್ತು. ಲಾಗಿನ್ ಆದೆ, ಬಿಲ್ ನಂಬರ್‌ವರೆಗೆ ತುಂಬಿದೆ, ಮುಚ್ಚಿದೆ. ದೂರು ಕೊಟ್ಟ ಮರುದಿನ ಮುಂದಿನ ಆರ್ಡರ್ ನಿಲ್ಲುತ್ತದೆ ಎಂಬ ಭಯ. ಆ ಭಯ ಸುಳ್ಳಲ್ಲ, ನಮ್ಮಂಥ ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಾರೆ. ಆದರೆ ಆ ಭಯಕ್ಕೆ ಬೆಲೆ ತೆತ್ತವರು ಯಾರು? ನನ್ನ ಸಂಬಳ ಒಂದು ತಿಂಗಳೂ ನಿಲ್ಲಲಿಲ್ಲ. ಮಗಳ ಕಾಲೇಜು ಫೀಸು ಸರಿಯಾಗಿ ಹೋಯಿತು.

ಇನ್ನೊಬ್ಬರಿದ್ದರು, ನಮ್ಮ ಪಾರ್ಟ್‌ಗಳಿಗೆ ಜಿಂಕ್ ಪ್ಲೇಟಿಂಗ್ ಮಾಡಿಕೊಡುತ್ತಿದ್ದವರು. ಅವರೂ ಅವರ ಮಗನೂ ಇಬ್ಬರೇ ದುಡಿಯುತ್ತಿದ್ದ ಶೆಡ್ಡು. ಅದೇ ವರ್ಷ ಅವರಿಗೆ ನಾನು 38 ಸಾವಿರ ಕೊಡಬೇಕಿತ್ತು. ಶನಿವಾರ ಶನಿವಾರ ಮೊಪೆಡ್‌ನಲ್ಲಿ ಬರುತ್ತಿದ್ದರು. ಕೇಳುತ್ತಿರಲಿಲ್ಲ, ಟೀ ಕುಡಿದು ಸುಮ್ಮನೆ ಕೂತಿರುತ್ತಿದ್ದರು. "ನನ್ನ ಪೇಮೆಂಟೇ ಬಿದ್ದಿಲ್ಲ ಸ್ವಾಮಿ" ಎಂದು ನಾನು ಹೇಳುತ್ತಿದ್ದೆ. ಅದು ನಿಜವೂ ಆಗಿದ್ದರಿಂದ ಹೇಳಲು ಸಲೀಸಾಗಿತ್ತು. 45 ದಿನದ ಹಕ್ಕು ಅವರಿಗೂ ಇತ್ತು. ಮೇಲಿನವರು ನನಗೆ ಮಾಡಿದ್ದನ್ನೇ ನಾನು ಅವರಿಗೆ ಮಾಡುತ್ತಿದ್ದೇನೆ ಎಂಬುದು ಹೊಳೆಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಹೊಳೆದಿತ್ತು. ಅವರು ಜೋರು ಮಾಡುವವರಲ್ಲ ಎಂಬುದೂ ಗೊತ್ತಿತ್ತು. ಕೊನೆಗೆ ಏಳು ತಿಂಗಳಿಗೆ ಕೊಟ್ಟೆ, ಬಡ್ಡಿಯಿಲ್ಲದೆ. ಮರುವರ್ಷ ಅವರು ಶೆಡ್ ಮುಚ್ಚಿದರು. "ನಿಮ್ಮಿಂದ ಅಲ್ಲ ಬಿಡಿ, ವಯಸ್ಸಾಯ್ತು" ಅಂದರು.

ಆ ವರ್ಷದ ಆಯುಧಪೂಜೆಯ ದಿನ ಮೆಷಿನ್‌ಗಳನ್ನು ಡೀಸೆಲ್ ಹಾಕಿ ಒರೆಸಿ, ಚೆಂಡುಹೂವಿನ ಹಾರ ಹಾಕಿ, ಬೂದುಗುಂಬಳಕಾಯಿ ಒಡೆದೆವು. ವಿಎಂಸಿಯ ಬಾಗಿಲಿಗೆ ಕುಂಕುಮ ಇಡುವಾಗ ಕೈ ಅಲ್ಲೇ ನಿಂತಿತು. ನಾಲ್ಕು ತಿಂಗಳಿಂದ ಅದರ ಕಂತು ಹೋದದ್ದು ನನ್ನ ಹಿಂದೆ ಕೈಮುಗಿದು ನಿಂತಿದ್ದ 23 ಜನರ ಮುಪ್ಪಿನ ದುಡ್ಡಿನಿಂದ. ಅವರಿಗೇ ಸಿಹಿಯ ಡಬ್ಬಿ, ಕಡ್ಲೆಪುರಿ ಹಂಚಿದೆ. ಆಪರೇಟರ್ ಎರಡೂ ಕೈಯಲ್ಲಿ ಡಬ್ಬಿ ತೆಗೆದುಕೊಂಡು, ಮುಖ ನೋಡದೆ ಹೋದ.

ದೀಪಾವಳಿ ಆದಮೇಲೆ ವಿಎಂಸಿಯನ್ನು ಹೊಸೂರಿನ ಒಂದು ಪಾರ್ಟಿಗೆ ಮಾರಿದೆ. ಕ್ರೇನ್ ಅದನ್ನು ಲಾರಿಗೆ ಎತ್ತಿಡುವಾಗ ಅಕ್ಕಪಕ್ಕದ ಶೆಡ್ಡಿನವರು ಹೊರಗೆ ಬಂದು ನಿಂತಿದ್ದರು. ಅಷ್ಟು ತಿಂಗಳು ನಾನು ಹೆದರಿದ್ದು ಆ ಹತ್ತು ನಿಮಿಷಕ್ಕೆ. ಮೇ ತಿಂಗಳಲ್ಲೇ ಮಾರಿದ್ದರೆ ಮುಗಿಯುತ್ತಿತ್ತು. ಉದ್ಯಮ ನಡೆಸುವವನಿಗೆ ಬೇಕಾದ ಧೈರ್ಯ ಯಾವುದು ಎಂದು ಕೇಳಿದರೆ, ನನಗೆ ನೆನಪಾಗುವುದು ಲೇತ್ ಕೊಂಡ ದಿನವಲ್ಲ, ಈ ದಿನ. ಅದೂ ತಡವಾಗಿ ಬಂದ ಧೈರ್ಯ. ಬ್ಯಾಂಕಿನ ಸಾಲ ತೀರಿ ಮಿಕ್ಕಿದ್ದರಲ್ಲಿ ಪಿಎಫ್ ಬಾಕಿ ಕಟ್ಟಿದೆ. 12% ಬಡ್ಡಿ, ಅದರ ಮೇಲೆ ದಂಡ. ತಡವಾಗಿ ಕಟ್ಟಿದ ಕಾರ್ಮಿಕರ ಪಾಲಿಗೆ ಆದಾಯ ತೆರಿಗೆಯಲ್ಲೂ ಖರ್ಚಿನ ವಿನಾಯಿತಿ ಸಿಗದು ಎಂಬುದು 2022ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನಿಂದ ಖಚಿತವಾಯಿತು. ಮಾಲೀಕ ತನ್ನ ಕೈಯಿಂದ ಕೊಡುವುದು ಬೇರೆ, ಕೆಲಸದವನ ಸಂಬಳದಿಂದ ಹಿಡಿದದ್ದು ಬೇರೆ ಎಂದು ನ್ಯಾಯಾಲಯ ಗೆರೆ ಎಳೆಯಿತು. ಸುತ್ತಲಿನ ಉದ್ದಿಮೆದಾರರು ಆ ತೀರ್ಪಿಗೆ ಸಿಟ್ಟಾದರು. ನನಗೆ ಅದರಲ್ಲಿ ತಪ್ಪು ಕಾಣಲಿಲ್ಲ.

2024ರ ಮಾರ್ಚ್‌ನಲ್ಲಿ ಇನ್ನೊಂದು ಅನುಭವ. ಸಣ್ಣ ಘಟಕಗಳ ಬಾಕಿಯನ್ನು ಕಾಯ್ದೆಯ ಗಡುವಿನೊಳಗೆ ಕೊಡದಿದ್ದರೆ ಆ ವರ್ಷ ಅದನ್ನು ಖರ್ಚೆಂದು ತೋರಿಸುವಂತಿಲ್ಲ ಎಂಬ ತೆರಿಗೆ ನಿಯಮ ಮೊದಲ ಸಲ ಲೆಕ್ಕಕ್ಕೆ ಬಂದ ವರ್ಷ. ಎಂದೂ ಫೋನ್ ಎತ್ತದ ಪಾರ್ಟಿಗಳು ತಾವೇ ಫೋನ್ ಮಾಡಿ "ನಿಮ್ಮ ಉದ್ಯಮ್ ಸರ್ಟಿಫಿಕೇಟ್ ಕಳಿಸಿ" ಅಂದರು. ದುಡ್ಡು ಬಂತು. ಅದೇ ವಾರ ನಮ್ಮ ಆಡಿಟರ್ ಕೇಳಿದರು: "ನೀವು ಯಾರ್‍ಯಾರಿಗೆ ಕೊಡಬೇಕು, ಪಟ್ಟಿ ಕೊಡಿ." ಹೆಚ್ಚೇನೂ ಇರಲಿಲ್ಲ. ಬರೆಯುತ್ತಾ ಮೊದಲು ಕಣ್ಣ ಮುಂದೆ ಬಂದದ್ದು ಪಟ್ಟಿಯಲ್ಲಿ ಇಲ್ಲದ ಒಬ್ಬರ ಮೊಪೆಡ್ಡು.

ಆಪರೇಟರ್ ಆ ಕಾರ್ತಿಕದಲ್ಲಿ ತಂಗಿಯ ಮದುವೆ ಮಾಡಿದ. ಊರಿನಲ್ಲಿ ಮೂರು ರೂಪಾಯಿ ಬಡ್ಡಿಗೆ ಸಾಲ ತಂದಿದ್ದನೆಂದು ನನಗೆ ಗೊತ್ತಾದದ್ದು ಎರಡು ವರ್ಷದ ಮೇಲೆ, ಬೇರೆಯವರಿಂದ. ನೂರಕ್ಕೆ ತಿಂಗಳಿಗೆ ಮೂರು, ವರ್ಷಕ್ಕೆ 36. ಅವನ ದುಡ್ಡು ಅವನ ಖಾತೆಯಲ್ಲಿ ಇದ್ದಿದ್ದರೆ, ಆ ಸಾಲ ಅಷ್ಟಾದರೂ ಕಡಿಮೆಯಾಗುತ್ತಿತ್ತು. ಆ ಬಡ್ಡಿಯನ್ನಾದರೂ ನಾನು ಕೊಡುತ್ತೇನೆ ಎಂದೆ. "ತೀರಿಸಿಬಿಟ್ಟೆ ಸಾರ್" ಎಂದ. ಅಂದು ಅವನಿಗೆ ಹೇಳಿದ್ದು ಸುಳ್ಳು ಎಂದು ಆಗ ಬಾಯಿಬಿಟ್ಟು ಹೇಳಿದೆ. "ಗೊತ್ತಿತ್ತು" ಎಂದ.

2021ರಲ್ಲಿ ಅವನು ನಮ್ಮಲ್ಲಿ ಕೆಲಸ ಬಿಟ್ಟು ಅಂದ್ರಹಳ್ಳಿಯಲ್ಲಿ ಎರಡು ಮೆಷಿನ್ ಹಾಕಿದ. ಕೆಲಸದಲ್ಲಿ ಅವನಷ್ಟು ಅಚ್ಚುಕಟ್ಟು ನನಗೆ ಬೇರೆ ಯಾರೂ ಸಿಕ್ಕಿಲ್ಲ, ಅವನ ರಿಜೆಕ್ಷನ್ ನಮ್ಮದಕ್ಕಿಂತ ಕಡಿಮೆ. ನಮ್ಮಲ್ಲಿ ಜಾಬ್ ಹೆಚ್ಚಾದಾಗ ಅವನಿಗೇ ಕಳಿಸುತ್ತೇನೆ. ಬೇರೆ ಪಾರ್ಟಿಗಳಿಗೆ ಅವನು 30 ದಿನ ಕೊಡುತ್ತಾನೆ. ನನ್ನಿಂದ ಅರ್ಧ ದುಡ್ಡು ಮೊದಲೇ ತೆಗೆದುಕೊಳ್ಳುತ್ತಾನೆ, ಅದು ಖಾತೆಗೆ ಬಿದ್ದ ಮೇಲೆಯೇ ಮೆಟೀರಿಯಲ್ ತರಲು ಹುಡುಗನನ್ನು ಕಳಿಸುತ್ತಾನೆ.